ಬಾಟಲಿ ಸುರಿಯುವ ಮೊದಲು: ಕಲಬುರಗಿಯ ಹಳೆಯ ಕಾರೊಂದರ ಆಯಿಲ್ ಸೋರಿಕೆ

ಇಂಜಿನ್ ಆಯಿಲ್ ಸೋರಿದಾಗ ಸ್ಟಾಪ್ ಲೀಕ್ ಬಾಟಲಿ, ಅಂದರೆ ಸೋರಿಕೆ ನಿಲ್ಲಿಸಲೆಂದು ಆಯಿಲಿಗೆ ಸುರಿಯುವ ರಸಾಯನ, ಎಲ್ಲಿ ಫಲಿಸುತ್ತದೆ, ಎಲ್ಲಿ ಇಲ್ಲ ಎಂಬುದನ್ನು ಒಂದು ಪ್ರಕರಣದಿಂದ ಹೇಳುತ್ತೇನೆ. ಪ್ರಕರಣದ ಕಾರು ಹದಿನೇಳು ವರ್ಷ ಹಳೆಯದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಮೀಟರಿನಲ್ಲಿ 1,38,000 ಕಿಲೋಮೀಟರ್ ಚಿಲ್ಲರೆ. ಇಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಒಡೆಯರು ನಿವೃತ್ತ ಶಿಕ್ಷಕರು, ಇಲ್ಲಿ ಅವರನ್ನು ಮಾಸ್ತರ್ ಎನ್ನುತ್ತೇನೆ. ಕೊನೆಗೆ ಕೆಲಸ ಕೈಗೆತ್ತಿಕೊಂಡ ಮೆಕ್ಯಾನಿಕ್ ಉಸ್ತಾದ್. ಕಾರಿನ ಕಂಪನಿ, ಮಾಡೆಲ್, ಓಣಿ, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ನಾನು ಗ್ಯಾರೇಜ್ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳುವವನು. ಹುಡುಗರನ್ನು ಉಸ್ತಾದರ ಗ್ಯಾರೇಜಿಗೆ ಕರೆದುಕೊಂಡು ಹೋಗುವ ರೂಢಿ ಇರುವುದರಿಂದ ಕಾರು ಅಲ್ಲಿಗೆ ಬಂದ ದಿನದಿಂದ ಕ್ಲಚ್ ಬದಲಿಸುವವರೆಗಿನ ಕೆಲಸವನ್ನು ಹತ್ತಿರದಿಂದ ನೋಡಲು ಸಿಕ್ಕಿತು. ಅದಕ್ಕೂ ಮೊದಲಿನದು ಮಾಸ್ತರರೇ ಹೇಳಿದ್ದು.

ಹಿನ್ನೆಲೆ

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಗಾಡಿಯನ್ನು ತಪಾಸಣೆಗೆ ಒಯ್ದು ತೋರಿಸಿ, ಪಾಸಾದರೆ ಮತ್ತೆ ಐದು ವರ್ಷಕ್ಕೆ ನವೀಕರಣ. ಆ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ ಕಾರುಗಳಿಗೆ 5,000 ಆಯಿತು. ಮಾಸ್ತರ್ ಅದನ್ನು ಕಟ್ಟಿ, ಗಾಡಿ ಪಾಸು ಮಾಡಿಸಿಕೊಂಡು ಎರಡು ವರ್ಷವಾಗಿತ್ತು. ಉಳಿದ ಮೂರು ವರ್ಷ ಇದೇ ಗಾಡಿಯಲ್ಲಿ ಓಡಾಡಬೇಕು, ಆಮೇಲೆ ನೋಡೋಣ ಎಂಬುದು ಅವರ ಲೆಕ್ಕ. ಮುಂದಿನ ನಿರ್ಧಾರಗಳೆಲ್ಲ ಈ ಮೂರು ವರ್ಷದ ಸುತ್ತ ತಿರುಗಿದವು, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಹಳೆಯ ಗಾಡಿಗೆ ಯಾವ ರಿಪೇರಿ ತಕ್ಕುದು ಎಂಬ ಪ್ರಶ್ನೆಗೆ ಗಾಡಿಯೊಂದನ್ನೇ ನೋಡಿ ಉತ್ತರ ಹೇಳಲು ಬರುವುದಿಲ್ಲ. ಒಡೆಯರಿಗೆ ಅದು ಇನ್ನೆಷ್ಟು ದಿನ ಬೇಕು ಎಂದು ಕೇಳಲೇಬೇಕು.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ 42 ಡಿಗ್ರಿ ದಾಟುವುದು ಮಾಮೂಲು. ಬಾನೆಟ್ ಒಳಗಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಆಯಿಲ್ ಹೊರಬರದಂತೆ ತಡೆಯುವ ಆಯಿಲ್ ಸೀಲು, ರಬ್ಬರ್ ಪ್ಯಾಕಿಂಗು ವರ್ಷಗಟ್ಟಲೆ ಆ ಕಾವಿನಲ್ಲಿ ಬೇಯುತ್ತವೆ. ರಬ್ಬರಿಗೆ ಮೆತ್ತನೆಯ ಗುಣ ಕೊಡುವ ಎಣ್ಣೆಯಂಥ ಅಂಶ ಮೆಲ್ಲಗೆ ಹೊರಟುಹೋಗಿ ರಬ್ಬರ್ ಕುಗ್ಗುತ್ತದೆ, ಬಿರುಸಾಗುತ್ತದೆ. ಗಾಡಿ ದಿನಾ ಓಡುತ್ತಿದ್ದರೆ ಸೀಲಿನ ಅಂಚು ಆಯಿಲಿನಲ್ಲಿ ನೆನೆಯುತ್ತಲೇ ಇರುತ್ತದೆ. ವಾರಗಟ್ಟಲೆ ನಿಂತರೆ ಆ ಅಂಚೂ ಒಣಗುತ್ತದೆ. ಮಾಸ್ತರರ ಕಾರು ಬೇಸಿಗೆಯಲ್ಲಿ ಹೆಚ್ಚಾಗಿ ನಿಂತೇ ಇರುತ್ತಿತ್ತು. ಮಳೆಗಾಲ ಶುರುವಾದರೆ ಅಫಜಲಪುರ ಕಡೆಯ ಹೊಲಕ್ಕೆ ಓಡಾಟ.

ಸಮಸ್ಯೆ

ಮನೆಯ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಆ ಕಲ್ಲಿನ ಮೇಲೆ ಆಯಿಲ್ ಬಿದ್ದರೆ ಒಳಗೆ ಇಳಿದು ಕರೀ ಕಲೆಯಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೀಗಾಗಿ ಸೋರಿಕೆಯನ್ನು ಮೊದಲು ಕಂಡವರು ಮಾಸ್ತರರ ಹೆಂಡತಿ. ಇಂಜಿನ್ನಿನ ಹಿಂಭಾಗ ಗೇರ್ ಬಾಕ್ಸಿಗೆ ಕೂಡುವ ಕಡೆ, ಸರಿಯಾಗಿ ಅದರ ಕೆಳಗೆ ಕಲೆ ಬೀಳುತ್ತಿತ್ತು.

ಮೊದಲು ನೋಡಿದ ಗ್ಯಾರೇಜಿನವರು ಕೆಳಗೆ ಬಾಗಿ ನೋಡಿ, ಕೂಡಲೇ ಹಿಂದಿನ ಸೀಲ್ ಹೋಗಿದೆ ಎಂದರು. ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ಇಂಜಿನ್ನಿನಿಂದ ಹೊರಬಂದು ಕ್ಲಚ್ ಕಡೆ ಹೋಗುವ ಜಾಗದಲ್ಲಿ ಕೂರುವ ದುಂಡನೆಯ ಸೀಲು ಅದು. ಸೀಲಿನ ಬೆಲೆ ಜಾಸ್ತಿ ಏನಲ್ಲ, ಅಲ್ಲಿಗೆ ತಲುಪುವುದೇ ದೊಡ್ಡ ಕೆಲಸ. ಗೇರ್ ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಕ್ರ್ಯಾಂಕಿನ ತುದಿಯ ಭಾರದ ಚಕ್ರ ಫ್ಲೈವೀಲ್ ತೆಗೆಯಬೇಕು. ಅವರು ಕೂಲಿ ಸೇರಿ 9,000 ರೂಪಾಯಿ ಹೇಳಿದರು. ಮಾಸ್ತರ್ ಹಿಂದೇಟು ಹಾಕಿದ್ದು ನೋಡಿ, "ಹಂಗಾದ್ರ ದಪ್ಪನ ಆಯಿಲ್ ಹಾಕಿ ನೋಡಮ್ರಿ" ಎಂದರು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಕಲೆ ಬಿದ್ದ ಜಾಗ ನೋಡಿದರೆ ಹತ್ತರಲ್ಲಿ ಎಂಟು ಮಂದಿ ಅದೇ ಮಾತು ಹೇಳುತ್ತಾರೆ. ಆದರೆ ಆಯಿಲ್ ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ ಇರಬಹುದು. ಇಂಜಿನ್ನಿನ ಮೇಲಿಂದ ಹೊರಟ ಆಯಿಲ್ ಬ್ಲಾಕಿನ ಗೋಡೆ ಹಿಡಿದು ಇಳಿದು, ಎಲ್ಲಕ್ಕಿಂತ ಕೆಳಗಿನ ಅಂಚಿಗೆ ಬಂದು ತೊಟ್ಟಿಕ್ಕುತ್ತದೆ. ಅದನ್ನು ಬೆನ್ನುಹತ್ತಿ ಮೇಲಕ್ಕೆ ಹೋಗಿ ನೋಡಿದವರು ಆಗ ಯಾರೂ ಇರಲಿಲ್ಲ.

ಮೊದಲ ಪ್ರಯತ್ನ: ದಪ್ಪ ಆಯಿಲ್, ಜೊತೆಗೆ ಬಾಟಲಿ

ಕಾರಿನ ಕೈಪಿಡಿ 10ಡಬ್ಲ್ಯು-30 ಆಯಿಲ್ ಹೇಳುತ್ತದೆ, ಬಿಸಿ ಪ್ರದೇಶಕ್ಕೆ 15ಡಬ್ಲ್ಯು-40 ಆದರೂ ಆದೀತು ಎನ್ನುತ್ತದೆ. ಗ್ಯಾರೇಜಿನವರು ಎರಡಕ್ಕಿಂತಲೂ ದಪ್ಪನೆಯ 20ಡಬ್ಲ್ಯು-50 ತುಂಬಿದರು, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ. ಎರಡು ದಿನ ಬಿಟ್ಟು ಮಾಸ್ತರ್ ಬಿಡಿಭಾಗದ ಅಂಗಡಿಗೆ ಹೋಗಿ ಸ್ಟಾಪ್ ಲೀಕ್ ಬಾಟಲಿ ತಂದರು. 300 ಮಿಲಿ. ಅಂಗಡಿಯವನು ಮೊದಲು ಕೊಡಹೊರಟಿದ್ದು ರೇಡಿಯೇಟರಿಗೆ ಹಾಕುವ ಬಾಟಲಿ! ಚೀಟಿ ಓದುವ ಅಭ್ಯಾಸ ಇದ್ದುದರಿಂದ ಮಾಸ್ತರ್ ಅದನ್ನು ವಾಪಸ್ ಕೊಟ್ಟು ಇಂಜಿನ್ ಆಯಿಲಿನದು ಕೇಳಿ ತೆಗೆದುಕೊಂಡರು. ರೇಡಿಯೇಟರಿನ ಬಾಟಲಿಯಲ್ಲಿ ತೂತು ಮುಚ್ಚಲೆಂದೇ ಇರುವ ಸಣ್ಣ ಕಣಗಳೋ ಗಟ್ಟಿಯಾಗುವ ರಸಾಯನವೋ ಇರುತ್ತದೆ. ಅದು ಇಂಜಿನ್ ಆಯಿಲಿಗೆ ಹೋದರೆ ಆಯಿಲ್ ಹರಿಯುವ ಸಣ್ಣ ದಾರಿಗಳು ಕಟ್ಟಿ, ತಿರುಗುವ ಶಾಫ್ಟನ್ನು ಹೊತ್ತ ಬೇರಿಂಗ್ ಹಾಳಾಗುತ್ತದೆ. ಎರಡರ ಮೇಲೂ ಸ್ಟಾಪ್ ಲೀಕ್ ಎಂದೇ ದೊಡ್ಡದಾಗಿ ಬರೆದಿರುತ್ತದೆ. ಬಾಟಲಿ ಕೊಳ್ಳುವವರು ಕೆಳಗಿನ ಸಣ್ಣ ಅಕ್ಷರ ಓದಲೇಬೇಕು.

ಇಂಜಿನ್ ಆಯಿಲಿನ ಬಾಟಲಿ ಮಾಡುವ ಕೆಲಸವೇ ಬೇರೆ. ಅದು ತೂತು ಮುಚ್ಚುವುದಿಲ್ಲ. ಅದರಲ್ಲಿರುವ ಎಸ್ಟರ್ ಜಾತಿಯ ರಸಾಯನ ರಬ್ಬರಿನೊಳಗೆ ಇಳಿದು ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ಬಿರುಸಾಗಿ ಶಾಫ್ಟಿನಿಂದ ಕೂದಲೆಳೆ ದೂರ ಸರಿದ ಸೀಲಿನ ಅಂಚು ಮತ್ತೆ ಶಾಫ್ಟಿಗೆ ತಾಗಿ ಕೂರುತ್ತದೆ. ಕೆಲವು ಬಾಟಲಿಗಳಲ್ಲಿ ಆಯಿಲನ್ನು ದಪ್ಪ ಮಾಡುವ ಪಾಲಿಮರ್ ಕೂಡ ಇರುತ್ತದೆ. ಹೆಚ್ಚು ಓಡಿದ ಗಾಡಿಗೆಂದು ಮಾರುವ ಆಯಿಲುಗಳಲ್ಲಿ ಇದೇ ಬಗೆಯ ರಸಾಯನ ಸಣ್ಣ ಪ್ರಮಾಣದಲ್ಲಿ ಮೊದಲೇ ಬೆರೆತಿರುತ್ತದೆ. ಸೀಳಿದ ರಬ್ಬರು, ಕಾಗದದ ಅಥವಾ ಕಾರ್ಕಿನ ಪ್ಯಾಕಿಂಗು, ಟ್ಯೂಬಿನಿಂದ ಹಿಂಡುವ ಸಿಲಿಕಾನ್ ಗಮ್ಮು, ಸಡಿಲಾದ ಬೋಲ್ಟು, ಸವೆದು ಗೆರೆಬಿದ್ದ ಶಾಫ್ಟು, ಇವಕ್ಕೆ ಅದು ಏನೂ ಮಾಡಲಾರದು. ಔಷಧ ಇರುವುದು ಬಿರುಸಾದ ರಬ್ಬರಿಗೆ ಮಾತ್ರ.

ಇದನ್ನು ಒತ್ತಿ ಹೇಳುತ್ತೇನೆ. ಒಂದು ಕಡೆ, ಬಾಟಲಿ ಎಂದರೆ ಬರೀ ಮೋಸ ಎನ್ನುವ ಮೆಕ್ಯಾನಿಕರು. ಇನ್ನೊಂದು ಕಡೆ, 500 ರೂಪಾಯಿಗೆ ಇಂಜಿನ್ ಕೆಲಸ ಮುಗಿಯಿತು ಎನ್ನುವ ಅಂಗಡಿಯವರು. ಇಬ್ಬರ ಮಾತು ಕೇಳಿಯೂ ಗಾಡಿಗಳು ಹಾಳಾಗಿದ್ದನ್ನು ಕಂಡಿದ್ದೇನೆ, ಸಂಕಟವಾಗುತ್ತದೆ.

ಮಾಸ್ತರ್ ಬಾಟಲಿಯನ್ನು ಪೂರ್ತಿ ಸುರಿದರು. ಆಯಿಲ್ ಮೊದಲೇ ಮೇಲಿನ ಗೆರೆಯಲ್ಲಿತ್ತು, ಈಗ ಗೆರೆ ದಾಟಿತು. ಮಟ್ಟ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಎಬ್ಬಿಸಬಹುದು, ನೊರೆಯಾದ ಆಯಿಲಿಗೆ ಬೇರಿಂಗನ್ನು ಕಾಯುವ ಶಕ್ತಿ ಕಡಿಮೆ. ಚೀಟಿಯಲ್ಲೂ ಮಟ್ಟ ಮೀರಬಾರದು ಎಂದಿತ್ತಂತೆ. ಸುರಿಯುವ ಮೊದಲು ಅಷ್ಟು ಆಯಿಲ್ ಇಳಿಸಬೇಕಿತ್ತು.

ಆಮೇಲೆ ಏನಾಯಿತು? ಕಲೆ ಕಡಿಮೆಯಾಯಿತು. ಒಂದೂವರೆ ತಿಂಗಳು ಕಲ್ಲಿನ ಮೇಲೆ ಹೆಚ್ಚು ಬೀಳಲಿಲ್ಲ. ಮನೆಯವರೆಲ್ಲ ಬಾಟಲಿಯನ್ನು ಹೊಗಳಿದರು. ಮಾಸ್ತರ್ ಡಿಪ್‌ಸ್ಟಿಕ್ ತೆಗೆದು ನೋಡುವುದನ್ನೇ ಬಿಟ್ಟರು.

ಆಗ ಏಪ್ರಿಲ್, ಮೇ ತಿಂಗಳು. ಬಿಸಿಲಿಗೆ ಹೆದರಿ ಕಾರು ಹೊರಗೆ ಹೋಗಿದ್ದೇ ಅಪರೂಪ. ಓಡದ ಇಂಜಿನ್ ಅಷ್ಟಾಗಿ ಸೋರುವುದಿಲ್ಲ. ಮೇಲಾಗಿ ಆಯಿಲ್ ದಪ್ಪ ಇತ್ತು. ದಪ್ಪ ಆಯಿಲು, ಬಾಟಲಿ, ಗಾಡಿಯ ವಿಶ್ರಾಂತಿ, ಈ ಮೂರರಲ್ಲಿ ಕಲೆ ಕಡಿಮೆ ಮಾಡಿದ್ದು ಯಾವುದು ಎಂದು ಹೇಳುವ ದಾರಿಯೇ ಇರಲಿಲ್ಲ. ಹೆಸರು ಮಾತ್ರ ಬಾಟಲಿಗೆ ಹೋಯಿತು.

ಹುಮನಾಬಾದ್ ರಸ್ತೆಯಲ್ಲಿ

ಜೂನಿನಲ್ಲಿ ಮಳೆ ಬಿತ್ತು, ತೊಗರಿ ಬಿತ್ತನೆ ಶುರುವಾಯಿತು. ಕಾರು ಎರಡು ದಿನಕ್ಕೊಮ್ಮೆ ಅಫಜಲಪುರ ಕಡೆ ಓಡಿತು. ಇಂಜಿನ್ ಓಡುವಾಗ ಸೋರಿದ್ದು ರಸ್ತೆಗೆ ಬಿತ್ತು, ಸ್ವಲ್ಪ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟುಹೋಯಿತು. ಮನೆಯ ಕಲ್ಲಿನ ಮೇಲೆ ಬಿದ್ದಿದ್ದು ಕೊನೆಯ ಒಂದೆರಡು ಹನಿ. ಕಲೆ ನೋಡಿ ಸೋರಿಕೆ ಅಳೆದವರಿಗೆ ಎಲ್ಲ ಸರಿ ಇದ್ದಂತೆ ಕಂಡಿತು. ಗಾಡಿ ನಿಲ್ಲಿಸಿದಾಗ ಸುಟ್ಟ ವಾಸನೆ ಬರುತ್ತಿತ್ತು. ಮಗ ಹೇಳಿದ್ದ, ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ.

ಶ್ರಾವಣದಲ್ಲಿ ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಬೀದರಿಗೆ ಹೊರಟರು. ಮಹಾಗಾಂವ ಕ್ರಾಸ್ ದಾಟಿ, ಕಮಲಾಪುರ ಇನ್ನೂ ಮುಂದಿರುವಾಗ, ತಿರುವಿನಲ್ಲಿ ಆಯಿಲಿನ ಕೆಂಪು ದೀಪ ಮಿಣುಕಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕಿತು. ಮಾಸ್ತರ್ ಗಾಡಿಯನ್ನು ಬದಿಗೆ ತೆಗೆದುಕೊಂಡು ಇಂಜಿನ್ ಬಂದ್ ಮಾಡಿದರು. ಮನೆಯವರು ಕಮಲಾಪುರದವರೆಗೆ ಹೋಗಿ ನೋಡೋಣ ಎಂದರೂ ಕೇಳಲಿಲ್ಲ. ಇಂಜಿನ್ ಉಳಿದದ್ದು ಈ ಒಂದು ನಿರ್ಧಾರದಿಂದ. ತಿರುವಿನಲ್ಲಿ ದೀಪ ಹತ್ತಿತೆಂದರೆ, ಗಾಡಿ ವಾಲಿದಾಗ ಪಂಪ್ ಗಾಳಿ ಎಳೆಯುವಷ್ಟು ಆಯಿಲ್ ಚೇಂಬರಿನಲ್ಲಿ, ಅಂದರೆ ಇಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ, ಇಳಿದಿದೆ ಎಂದರ್ಥ. ಹಾಗೆಯೇ ಓಡಿಸಿದ್ದರೆ ಬೇರಿಂಗ್ ಹಿಡಿದುಕೊಳ್ಳುತ್ತಿತ್ತು.

ಡಿಪ್‌ಸ್ಟಿಕ್ ಒರೆಸಿ ಹಾಕಿ ತೆಗೆದರೆ ತುದಿಗೂ ಆಯಿಲ್ ತಾಗಲಿಲ್ಲ. ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ, ಅದಕ್ಕಿಂತ ಹೆಚ್ಚೇ ಹೋಗಿತ್ತು. ಬೈಕಿನವನೊಬ್ಬ ಕಮಲಾಪುರದಿಂದ ಆಯಿಲ್ ತಂದುಕೊಟ್ಟ. ತುಂಬಿಕೊಂಡು, ಬೀದರ್ ಬಿಟ್ಟು, ನಿಧಾನಕ್ಕೆ ಕಲಬುರಗಿಗೆ ತಿರುಗಿ ಬಂದರು.

ಬಾಟಲಿಯ ರಸಾಯನದಿಂದ ಇಂಜಿನ್ನಿಗೆ ಕೇಡಾದ ಗುರುತು ಆಮೇಲೂ ಸಿಗಲಿಲ್ಲ. ಕೇಡು ಮಾಡಿದ್ದು ಬಾಟಲಿ ಕೊಟ್ಟ ನೆಮ್ಮದಿ.

ಉಸ್ತಾದರ ಗ್ಯಾರೇಜಿನಲ್ಲಿ

ಮಾಸ್ತರ್ ಬರುವಾಗಲೇ ಇನ್ನೊಂದು ಬಾಟಲಿ ಹಿಡಿದು ಬಂದಿದ್ದರು. ಉಸ್ತಾದ್ ಅದನ್ನು ತೆಗೆದು ಕಪಾಟಿನಲ್ಲಿಟ್ಟರು. "ಮಾಸ್ತರ್, ಎಲ್ಲಿಂದ ಬರ್ಲಕತ್ತದ ಮೊದಲ ನೋಡಮ್ರಿ. ಆಮ್ಯಾಲ ಔಷಧದ್ದು ಮಾತಾಡಮು."

ಮೊದಲ ಕೆಲಸ ತೊಳೆಯುವುದು. ವೈರಿಂಗು, ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಸುತ್ತಿ, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್‌ನಿಂದ ಇಂಜಿನ್ನಿನ ಹೊರಮೈಯ ವರ್ಷಗಳ ಜಿಡ್ಡು ತಿಕ್ಕಿ ತೆಗೆದರು. ಆಮೇಲೆ ನೀರು, ಆಮೇಲೆ ಗಾಳಿ. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಮಾಮೂಲಿ ಪೌಡರನ್ನು ಇಂಜಿನ್ನಿನ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಸುತ್ತ, ಬ್ಲಾಕಿನ ಹಿಂಭಾಗ, ಚೇಂಬರಿನ ಅಂಚು, ಗೇರ್ ಬಾಕ್ಸ್ ಕೂಡುವ ಕಡೆ ತೆಳ್ಳಗೆ ಊದಿದರು. ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟರು. ಹುಡುಗರು ಟಾರ್ಚ್ ಹಿಡಿದು ಸುತ್ತ ನಿಂತರು.

ಕಾಲು ಗಂಟೆಯೊಳಗೆ ಉತ್ತರ ಬಂತು. ಟ್ಯಾಪೆಟ್ ಕವರಿನ ಗೇರ್ ಬಾಕ್ಸ್ ಕಡೆಯ ಮೂಲೆಯಲ್ಲಿ ಬಿಳಿ ಪೌಡರ್ ಮೊದಲು ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಅಲ್ಲಿಂದ ಬೆರಳಗಲದ ಒದ್ದೆ ಗೆರೆಯೊಂದು ಬ್ಲಾಕಿನ ಹಿಂದೆ ಇಳಿದು, ಗೇರ್ ಬಾಕ್ಸಿನ ಅಂಚು ಹಿಡಿದು ಕೆಳಗೆ ಹೋಯಿತು. ಮಾಸ್ತರರನ್ನು ಕರೆದು ತೋರಿಸಿದಾಗ ಅವರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. 9,000 ರೂಪಾಯಿ ಕೊಟ್ಟು ಗೇರ್ ಬಾಕ್ಸ್ ಇಳಿಸಿದ್ದರೂ ಈ ಸೋರಿಕೆ ಹೀಗೇ ಉಳಿಯುತ್ತಿತ್ತು.

ಉಸ್ತಾದ್ ಅಷ್ಟಕ್ಕೇ ನಿಲ್ಲಲಿಲ್ಲ, ಈ ಪ್ರಕರಣ ಬರೆಯಲು ನನಗಿರುವ ದೊಡ್ಡ ಕಾರಣ ಇದು. ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು ಹೊರಗೆ ದಬ್ಬುತ್ತಿರುವುದು ಏನು ಎಂದು ಕೇಳಿದರು. ಇಂಜಿನ್ ಸಣ್ಣಗೆ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದ ಚೂರು ಇಟ್ಟರು. ಸರಿಯಿರುವ ಪೆಟ್ರೋಲ್ ಇಂಜಿನ್ನಿನಲ್ಲಿ ಆ ಚೂರು ಮೆಲ್ಲಗೆ ಒಳಕ್ಕೆ ಅಂಟಬೇಕು. ಇಲ್ಲಿ ಅದು ಉಬ್ಬಿ, ಎಗರಿ ಬದಿಗೆ ಬಿತ್ತು.

ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಸುಟ್ಟ ಗಾಳಿ ಯಾವಾಗಲೂ ಚೇಂಬರಿಗೆ ಇಳಿಯುತ್ತದೆ, ಹಳೆಯ ಇಂಜಿನ್ನಿನಲ್ಲಿ ಇನ್ನೂ ಜಾಸ್ತಿ. ಆ ಗಾಳಿಯನ್ನು ಎಳೆದು ಮತ್ತೆ ಇಂಜಿನ್ನಿಗೇ ಕೊಡುವುದು ಪಿಸಿವಿ ವಾಲ್ವ್ ಮತ್ತು ಅದರ ಪೈಪು. ಅದು ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ, ಒತ್ತಡ ದುರ್ಬಲವಾದ ಜಾಗ ಹುಡುಕಿ ಆಯಿಲನ್ನು ಹೊರಗೆ ದಬ್ಬುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡುವಾಗ ಈ ಗಾಳಿ ಹೆಚ್ಚು. ದೂರದ ಓಡಾಟದಲ್ಲೇ ಆಯಿಲ್ ಹೆಚ್ಚು ಹೋಗಿದ್ದಕ್ಕೆ ಇದೇ ಕಾರಣ. ಉಸ್ತಾದ್ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಗುಂಡು ಟಕಟಕ ಎನ್ನಬೇಕು, ಅದು ಉಸಿರೇ ಬಿಡಲಿಲ್ಲ. ಪೈಪಿನ ಒಳಗೆ ಡಾಂಬರಿನಂಥ ಕರೀ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಹುಡುಗರ ಕೈಗೆ ಕೊಟ್ಟರು, ಒಬ್ಬೊಬ್ಬರೂ ಅಲ್ಲಾಡಿಸಿ ನೋಡಿದರು.

ಹೊಸ ಪಿಸಿವಿ ವಾಲ್ವ್ ಹಾಕಿ ಪೈಪು ತೊಳೆದರು. ಟ್ಯಾಪೆಟ್ ಕವರ್ ಬಿಚ್ಚಿದಾಗ ಹಳೆಯ ರಬ್ಬರ್ ಪ್ಯಾಕಿಂಗ್ ಹಪ್ಪಳದಂತೆ ಮೂರು ಚೂರಾಗಿ ಎದ್ದುಬಂತು. ಒತ್ತಿ ಒತ್ತಿ ಚಪ್ಪಟೆಯಾಗಿ, ಮೂಲೆಯಲ್ಲಿ ಸೀಳಿತ್ತು. ಬಾಟಲಿ ಇಲ್ಲಿ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದು ಆ ಚೂರು ನೋಡಿದರೇ ತಿಳಿಯುತ್ತಿತ್ತು. ಸೀಳನ್ನು ಯಾವ ರಸಾಯನವೂ ಕೂಡಿಸುವುದಿಲ್ಲ, ಮೇಲಾಗಿ ಒಳಗಿನಿಂದ ಒತ್ತಡ ಬೇರೆ. ಹೊಸ ಪ್ಯಾಕಿಂಗ್ ಹಾಕಿದರು. ವಾಲ್ವ್, ಪ್ಯಾಕಿಂಗ್ ಎರಡೂ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ದಪ್ಪ ಆಯಿಲ್ ಇಳಿಸಿ 15ಡಬ್ಲ್ಯು-40 ತುಂಬಿದರು. ಪ್ಲಾಸ್ಟಿಕ್ ಚೂರು ಈಗ ಬಾಯಿಗೆ ಮೆಲ್ಲಗೆ ಅಂಟಿತು.

ಉಳಿದ ಜಿನುಗು, ಮತ್ತು ಎರಡನೆಯ ಬಾಟಲಿ

ಒಂದು ವಾರ ಓಡಿಸಿ ಮತ್ತೆ ತರಲು ಹೇಳಿದರು. ಮನೆಯಲ್ಲಿ ಕಾರಿನ ಕೆಳಗೆ ರಟ್ಟು ಹಾಸಬೇಕು, ಹೊಲದಿಂದ ಬಂದ ದಿನ ಮಾತ್ರ ಲೆಕ್ಕ, ಬೆಳಿಗ್ಗೆ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಮಾಸ್ತರ್ ಇದನ್ನು ಬಹಳ ಶ್ರದ್ಧೆಯಿಂದ ಮಾಡಿದರು. ಅದೇ ದೂರ ಓಡಿದ ದಿನಗಳ ಕಲೆಯನ್ನೇ ಹೋಲಿಸಿದ್ದರಿಂದ ಮೊದಲ ಸಲದ ಗೊಂದಲ ಇಲ್ಲಿ ಉಳಿಯಲಿಲ್ಲ.

ದೊಡ್ಡ ಸೋರಿಕೆ ನಿಂತಿತ್ತು. ಆದರೆ ರಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯದಗಲದ ಕಲೆ ಉಳಿಯಿತು. ಈ ಸಲ ಆಯಿಲಿಗೆ ಯುವಿ (ನೇರಳಾತೀತ) ಬೆಳಕಿನಲ್ಲಿ ಹೊಳೆಯುವ ಬಣ್ಣ ಬೆರೆಸಿ, ಓಡಿಸಿ, ಕತ್ತಲಲ್ಲಿ ಯುವಿ ದೀಪ ಹಿಡಿದು ನೋಡಿದರು. ಮೇಲೆಲ್ಲ ಒಣ. ಗೇರ್ ಬಾಕ್ಸಿನ ಕೆಳಗಿನ ಕಿಂಡಿಯಲ್ಲಿ ಹಸಿರು ಹೊಳಪು. ಮೊದಲ ಗ್ಯಾರೇಜಿನವರು ಹೇಳಿದ ಹಿಂದಿನ ಸೀಲೂ ಜಿನುಗುತ್ತಿದ್ದುದು ಹೌದು. ಅದು ದೊಡ್ಡ ಸೋರಿಕೆಯ ಹಿಂದೆ ಅಡಗಿದ್ದ ಚಿಕ್ಕ ಸೋರಿಕೆ.

ಈಗ ಮೂರು ದಾರಿ. ಗೇರ್ ಬಾಕ್ಸ್ ಇಳಿಸಿ ಸೀಲ್ ಬದಲಿಸುವುದು. ಜಿನುಗು ಇಷ್ಟೇ ಇದೆ, ಆಯಿಲ್ ನೋಡಿಕೊಂಡು ಓಡಿಸುವುದು. ಇಲ್ಲವೇ ಕಪಾಟಿನಲ್ಲಿದ್ದ ಬಾಟಲಿ. ನಾನು ಎರಡನೆಯದರ ಕಡೆಗಿದ್ದೆ. ಉಸ್ತಾದ್ ಬಾಟಲಿ ಎಂದರು, ಕಾರಣವನ್ನೂ ಹೇಳಿದರು. ಈ ಸೀಲಿನ ಅಂಚು ಸದಾ ಆಯಿಲಿನಲ್ಲಿ ನೆನೆಯುವುದರಿಂದ ರಸಾಯನ ಅದಕ್ಕೆ ತಲುಪುತ್ತದೆ. ಬರುತ್ತಿರುವುದು ಜಿನುಗು, ಧಾರೆಯಲ್ಲ. ಒಳಗಿನ ಒತ್ತಡ ಈಗ ಇಲ್ಲ. ಕ್ಲಚ್ ಜಾರುತ್ತಿಲ್ಲ, ಅಂದರೆ ಆಯಿಲ್ ಇನ್ನೂ ಕ್ಲಚ್ ಪ್ಲೇಟಿಗೆ ತಲುಪಿಲ್ಲ. "ಕ್ಲಚ್ಚಿಂದು ಇನ್ನೊಂದು ವರ್ಷ ಆಯುಷ್ಯ ಅದ. ಅದು ಮುಗದಾಗ ಗೇರ್ ಬಾಕ್ಸ್ ಹೆಂಗೂ ಇಳಸ್ತೀವಿ. ಆಗ ಸೀಲ್ ಹಾಕಿದ್ರ ಕೂಲಿ ಒಂದೇ ಸಲ." ಇದು ಒಡೆಯರ ಮೂರು ವರ್ಷದ ಲೆಕ್ಕಕ್ಕೆ ಸರಿಹೊಂದುವ ಮಾತು. ನಾನು ಒಪ್ಪಿದೆ.

ಸುರಿಯುವ ಮೊದಲೇ ಕರಾರು ಮಾಡಿಕೊಂಡೆವು. ಬಾಟಲಿಯಷ್ಟು ಆಯಿಲ್ ಮೊದಲು ಇಳಿಸಬೇಕು, ಮಟ್ಟ ಮೇಲಿನ ಗೆರೆ ದಾಟಬಾರದು. ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಡಿಪ್‌ಸ್ಟಿಕ್ ನೋಡಿ ಬರೆದಿಡಬೇಕು. ಸಾವಿರ ಕಿಲೋಮೀಟರ್ ಓಡಿದ ಮೇಲೂ ರಟ್ಟಿನ ಕಲೆ ಚಿಕ್ಕದಾಗದಿದ್ದರೆ ಬಾಟಲಿಯ ಮಾತು ಅಲ್ಲಿಗೆ ಮುಗಿಯಿತು. ಕಲೆ ದೊಡ್ಡದಾದರೆ, ಕ್ಲಚ್ ಜಾರಿದರೆ, ಸೀದಾ ಗೇರ್ ಬಾಕ್ಸ್ ಇಳಿಸುವುದು. ಯಾವಾಗ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಬಾಟಲಿ ಸುರಿದವರು ಒಂದರ ಮೇಲೊಂದು ಸುರಿಯುತ್ತಲೇ ಹೋಗುತ್ತಾರೆ.

ಹಾಗೆ ಆಗುವ ಅಪಾಯ ಇಲ್ಲೂ ಬಂತು. ಇನ್ನೂರು ಕಿಲೋಮೀಟರ್ ಓಡಿದರೂ ರಟ್ಟಿನ ಕಲೆ ಅಷ್ಟೇ ಇತ್ತು. ಪಕ್ಕದ ಮನೆಯವರು ಇನ್ನೊಂದು ಬಾಟಲಿ ಹಾಕ್ರಿ ಎಂದರು. ಮತ್ತೊಬ್ಬರು, "ಸ್ವಲ್ಪ ಬ್ರೇಕ್ ಆಯಿಲ್ ಹಾಕ್ರಿ, ರಬ್ಬರ್ ಉಬ್ಬತದ" ಎಂದರು. ಎರಡನೆಯ ಸಲಹೆ ಹಲವೆಡೆ ಕೇಳಿದ್ದೇನೆ, ಅದನ್ನು ಖಂಡಿತ ಪಾಲಿಸಬಾರದು. ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲು. ಸಾಮಾನ್ಯವಾಗಿ ಸಿಗುವುದು ಗ್ಲೈಕಾಲ್ ಜಾತಿಯ ದ್ರವ. ಇಂಜಿನ್ ಆಯಿಲಿನ ಜೊತೆ ಸರಿಯಾಗಿ ಬೆರೆಯದೆ ಅದರ ಗುಣ ಕೆಡಿಸುತ್ತದೆ, ಬೇರಿಂಗಿಗೆ ಕೇಡು. ಎರಡು ಬಾಟಲಿ ಹಾಕಿದರೂ ತೊಂದರೆಯೇ. ಅಳತೆ ಮೀರಿ ಉಬ್ಬಿದ ರಬ್ಬರ್ ಮೆತ್ತಗಾಗಿ ಶಾಫ್ಟಿನ ತಿರುಗಾಟಕ್ಕೆ ಬೇಗ ಸವೆಯುತ್ತದೆ, ಹರಿದರೂ ಹರಿಯಿತು. ಒಂದು ಸೀಲನ್ನು ಮೆತ್ತಗೆ ಮಾಡಲು ಹಾಕಿದ್ದು ಇಂಜಿನ್ನಿನ ಎಲ್ಲ ಸೀಲಿಗೂ ಹೋಗುತ್ತದೆ, ಸರಿಯಿದ್ದವಕ್ಕೂ. ಮಾಸ್ತರ್ ಉಸ್ತಾದರಿಗೆ ಫೋನ್ ಮಾಡಿ ಕೇಳಿದರು. "ತಡೀರಿ ಮಾಸ್ತರ್, ರಬ್ಬರ್ ಕುಡೀಲಕ್ಕ ಟೈಮ್ ಬೇಕು" ಎಂಬ ಉತ್ತರ ಬಂತು. ತಡೆದರು.

ನಾಲ್ಕು ನೂರು ದಾಟಿದ ಮೇಲೆ ರಟ್ಟಿನ ಕಲೆ ಕಿರಿದಾಗತೊಡಗಿತು. ಎಂಟು ನೂರರ ಹೊತ್ತಿಗೆ ಹನಿ ಬೀಳುವುದು ನಿಂತು, ಕಿಂಡಿಯ ಅಂಚು ಬೆರಳಿಗೆ ಜಿಡ್ಡು ತಾಗುವಷ್ಟು ಮಾತ್ರ ಒದ್ದೆ ಇತ್ತು. ಈ ಸಲ ಆಯಿಲಿನ ದಪ್ಪ ಬದಲಾಗಿರಲಿಲ್ಲ, ಗಾಡಿ ಓಡುತ್ತಲೇ ಇತ್ತು, ಬದಲಾಗಿದ್ದು ಬಾಟಲಿ ಒಂದೇ. ಹೀಗಾಗಿ ಈ ಸಲದ ಫಲ ಬಾಟಲಿಯದು ಎಂದು ಧೈರ್ಯವಾಗಿ ಹೇಳಬಲ್ಲೆ.

ಮುಂದಿನ ಆಯಿಲ್ ಬದಲಾವಣೆಯಲ್ಲಿ ಬೇಕೆಂದೇ ಬಾಟಲಿ ಹಾಕಲಿಲ್ಲ. ಕೆಲವು ವಾರಗಳಲ್ಲಿ ಜಿನುಗು ಸ್ವಲ್ಪ ಮರಳಿತು, ಮೊದಲಿನಷ್ಟಲ್ಲ. ರಸಾಯನ ಹಳೆಯ ಆಯಿಲಿನ ಜೊತೆ ಹೊರಗೆ ಹೋದ ಮೇಲೆ ರಬ್ಬರ್ ಮತ್ತೆ ಕುಗ್ಗುತ್ತದೆ. ಅಂದರೆ ಬಾಟಲಿ ಸೀಲನ್ನು ಹೊಸದು ಮಾಡುವುದಿಲ್ಲ, ಬದಲಿಸುವ ದಿನವನ್ನು ಮುಂದೂಡುತ್ತದೆ. ಆ ಮುಂದೂಡಿಕೆ ಮಾಸ್ತರರಿಗೆ ಬೇಕಿತ್ತು, ಸಿಕ್ಕಿತು. ಬದಲಿಸುವ ದಿನ ಗೊತ್ತಿಲ್ಲದವರು ಇದೇ ಬಾಟಲಿ ಹಾಕಿದರೆ ಏನನ್ನು ಮುಂದೂಡುತ್ತಿದ್ದೇನೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ಸೀಲು ಕೈಗೆ ಬಂದಾಗ

ವರ್ಷದ ಮೇಲೆ ಕ್ಲಚ್ ಗಟ್ಟಿಯಾಗಿ, ಏರಿನಲ್ಲಿ ಜಾರತೊಡಗಿತು. ಗೇರ್ ಬಾಕ್ಸ್ ಇಳಿಸಿದರು. ಕ್ಲಚ್ ಪ್ಲೇಟ್ ಸವೆದು ರಿವೆಟ್ಟಿನ ಹತ್ತಿರ ಬಂದಿತ್ತು, ಆಯಿಲ್ ಹತ್ತಿದ ಗುರುತಿರಲಿಲ್ಲ. ಜಾರಿದ್ದು ಸವೆತದಿಂದ.

ಫ್ಲೈವೀಲ್ ತೆಗೆದು ಹಳೆಯ ಸೀಲನ್ನು ಕಿತ್ತರು. ಉಸ್ತಾದ್ ಮೊದಲು ನೋಡಿದ್ದು ಸೀಲನ್ನಲ್ಲ, ಕ್ರ್ಯಾಂಕಿನ ಮೈಯನ್ನು. ಸೀಲಿನ ಅಂಚು ತಾಗುವ ಜಾಗವನ್ನು ಒರೆಸಿ ಉಗುರು ಅಡ್ಡ ಎಳೆದರು, ಎಲ್ಲೂ ತಡೆಯಲಿಲ್ಲ. ಗೆರೆ ಬಿದ್ದಿದ್ದರೆ ಉಗುರು ಸಿಕ್ಕುತ್ತದೆ. ಹಾಗಿದ್ದಲ್ಲಿ ಬಾಟಲಿಯೂ ಫಲಿಸುತ್ತಿರಲಿಲ್ಲ, ಹೊಸ ಸೀಲೂ ಅದೇ ಗೆರೆಯಲ್ಲಿ ಕೂತು ಸೋರುತ್ತಿತ್ತು. ಸೀಲನ್ನು ಸ್ವಲ್ಪ ಆಚೀಚೆ ಕೂರಿಸುವುದೋ ಶಾಫ್ಟಿಗೆ ತೆಳ್ಳನೆಯ ಉಂಗುರ ಹಾಕುವುದೋ ಮಾಡಬೇಕಾಗುತ್ತಿತ್ತು. ಕ್ರ್ಯಾಂಕ್ ನುಣುಪಾಗಿದ್ದುದು, ಸೀಲಿನ ರಬ್ಬರ್ ಸೀಳದೆ ಬರೀ ಬಿರುಸಾಗಿದ್ದುದು, ಈ ಎರಡೂ ಸೇರಿ ಬಾಟಲಿಗೆ ದಾರಿ ಮಾಡಿಕೊಟ್ಟಿದ್ದವು.

ಹಳೆಯ ಸೀಲನ್ನೂ ಹೊಸದನ್ನೂ ಹುಡುಗರಿಗೆ ಕೊಟ್ಟೆವು. ಹೊಸದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಬಾಗಿ ಕೂಡಲೇ ಮರಳುತ್ತದೆ. ಹಳೆಯದು ಒತ್ತಿದರೆ ಒಲ್ಲೆ ಒಲ್ಲೆ ಎಂದು ಬಾಗಿ ಅಲ್ಲೇ ನಿಲ್ಲುತ್ತದೆ. ಅಂಚಿನ ಹಿಂದಿನ ಸಣ್ಣ ಸ್ಪ್ರಿಂಗ್ ಎರಡರಲ್ಲೂ ಇತ್ತು, ಹಳೆಯದರಲ್ಲಿ ಬಿಗಿ ಕಡಿಮೆಯಾಗಿತ್ತು. ಒಬ್ಬ ಹುಡುಗ ಹಳೆಯದನ್ನು ಹಿಡಿದು, ಇಷ್ಟು ಬಿರುಸಾದದ್ದೂ ಒಂದು ವರ್ಷ ಆಯಿಲ್ ತಡೆಯಿತಲ್ಲ ಎಂದ.

ಹೊಸ ಸೀಲಿನ ಅಂಚಿಗೆ ಆಯಿಲ್ ಸವರಿ, ಸುತ್ತಲೂ ಸಮನಾಗಿ ಒತ್ತಿ ಕೂರಿಸಿ, ಹೊಸ ಕ್ಲಚ್ ಹಾಕಿ ಗೇರ್ ಬಾಕ್ಸ್ ಏರಿಸಿದರು. ಆಯಿಲ್ ತುಂಬುವಾಗ ಮಾಸ್ತರ್ ಬಾಟಲಿ ತರಲೇ ಎಂದು ಕೇಳಿದರು. ಉಸ್ತಾದ್ ಬೇಡ ಎಂದರು. ಹೊಸ ರಬ್ಬರ್ ಮೆತ್ತಗೇ ಇದೆ, ಅದನ್ನು ಉಬ್ಬಿಸಿದರೆ ಬೇಗ ಸವೆಯುತ್ತದೆ. ಕಾರಿಗೆ ಈಗ ಬರೀ 15ಡಬ್ಲ್ಯು-40 ಹಾಕುತ್ತಾರೆ, ಪಿಸಿವಿ ವಾಲ್ವನ್ನು ಪ್ರತಿ ಆಯಿಲ್ ಬದಲಾವಣೆಗೆ ಬಿಚ್ಚಿ ಅಲ್ಲಾಡಿಸಿ ನೋಡುತ್ತಾರೆ, ಭಾನುವಾರದ ಡಿಪ್‌ಸ್ಟಿಕ್ ಲೆಕ್ಕವನ್ನು ಮಾಸ್ತರ್ ಈಗಲೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನೋಂದಣಿ ಮುಗಿಯಲು ಇನ್ನೂ ಒಂದು ವರ್ಷದ ಮೇಲಿದೆ.